ಒಂಟೆಯ ಬೆನ್ನೇರಿ ಎರಡು ದಿನ



ಪೋತ್ತನೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಾಗ ನಿಮಗೂ ಒಮ್ಮೆ ಅನಿಸಿರಬಹುದು: ಈ ಹಳಿ ಹಿಡಿದು ಹೋಗುತ್ತಲೇ ಇದ್ದರೆ ಕೊನೆಗೆ ಎಲ್ಲಿ ಮುಟ್ಟುತ್ತೇವೆ? 1862ರಲ್ಲೇ ರೈಲು ಕಂಡ ಊರು ನಮ್ಮದು. ಇಲ್ಲಿಂದ ವಾಯವ್ಯದ ಕಡೆಗೆ ಸಾಗುತ್ತ ಹೋದರೆ, ಹಳಿ ಹೆಚ್ಚುಕಡಿಮೆ ಮುಗಿಯುವಲ್ಲಿ ರಾಜಸ್ಥಾನದ ಜೈಸಲ್ಮೇರ್ ಇದೆ. ಅದರಾಚೆ ಮರಳು, ಮರಳಿನಾಚೆ ಪಾಕಿಸ್ತಾನದ ಗಡಿ. ನಮ್ಮಂಥ ಸಾಧಾರಣ ಕುಟುಂಬದವರು ಆ ಮರಳುಗಾಡಿಗೆ ಹೋಗಿ, ಒಂಟೆಯ ಮೇಲೆ ಕುಳಿತು, ಒಂದು ರಾತ್ರಿ ಡೇರೆಯಲ್ಲಿ ಮಲಗಿ ಬರುವುದು ಹೇಗೆಂದು ಈ ಹೊತ್ತು ನೋಡೋಣ.

ಮರಳು ನಮಗೆ ತೀರ ಹೊಸದಲ್ಲ. ಮೈಸೂರು ಕಡೆಯ ನೆಂಟರ ಮನೆಗೆ ಹೋದವರು ತಲಕಾಡಿನ ಮರಳನ್ನು ನೋಡಿರುತ್ತೀರಿ. ಅದು ಕಾವೇರಿ ತಂದು, ಗಾಳಿ ಗುಡ್ಡೆ ಹಾಕಿದ ಹೊಳೆಮರಳು. ಶಾಲೆಯಲ್ಲಿ ತಮಿಳು ಕಲಿತ ಮಕ್ಕಳಿಗೆ ಐದು ತಿಣೆಗಳಲ್ಲಿ ‘ಪಾಲೈ’ ಎಂಬುದೂ ಗೊತ್ತು. ಆದರೆ ಥಾರ್ ಮರುಭೂಮಿಯ ಮಾತೇ ಬೇರೆ. ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್ ವಿಸ್ತಾರ. ಅದರ ಬಹುಭಾಗ ನಮ್ಮ ದೇಶದಲ್ಲೇ ಇದೆ. ಜೈಸಲ್ಮೇರ್‌ನಲ್ಲಿ ವರ್ಷವೆಲ್ಲ ಸೇರಿ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಮಳೆ ಸಾಲದೆಂದು ನಾವು ಗೊಣಗುವ ಕೊಯಮತ್ತೂರಿನಲ್ಲಿ ಅದರ ಸುಮಾರು ಮೂರು ಪಟ್ಟು ಬೀಳುತ್ತದೆ!

ಮೊದಲು ಕಾಲ ನೋಡಿ ಹೊರಡಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಕ್ಕ ಸಮಯ. ಮಕ್ಕಳ ಬೇಸಿಗೆ ರಜೆಗೆಂದು ಮೇ ತಿಂಗಳಲ್ಲಿ ಹೋಗುವ ಯೋಚನೆ ಬೇಡ. ಜೋಧಪುರದ ಆಚೆಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ, ಆದರೆ ರಾತ್ರಿ ಉದಕಮಂಡಲದ ಚಳಿ. ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಮರುಭೂಮಿಗೆ ಹೋಗುವಾಗ ಸ್ವೆಟರ್ ಏಕೆ ಎಂದು ಅಜ್ಜಿ ಕೇಳಿದರೆ ಇದನ್ನೇ ಹೇಳಿ.

ಹೋಗುವ ದಾರಿ ಜೋಧಪುರದ ಮೂಲಕ. ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಜೋಧಪುರಕ್ಕೆ ನೇರ ರೈಲಿದೆ. ದಿನ, ಸಮಯಗಳನ್ನು ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ. ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 300 ಕಿಲೋಮೀಟರ್. ಊರು ಮುಟ್ಟಿದ ದಿನ ಕೋಟೆ ನೋಡಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಆ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಮರುದಿನ ಮಧ್ಯಾಹ್ನ ಮರಳಿಗೆ ಹೊರಡಬಹುದು.

ಮರಳ ದಿಬ್ಬಗಳಿಗೆ ಪ್ರಸಿದ್ಧವಾದ ಜಾಗಗಳು ಎರಡು. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್. ನೈಋತ್ಯಕ್ಕೆ ಅದಕ್ಕಿಂತ ತುಸು ದೂರದ ಖೂರಿ. ಸಮ್‌ನಲ್ಲಿ ಡೇರೆಗಳು ಹೆಚ್ಚು, ಜನಜಂಗುಳಿಯೂ ಹೆಚ್ಚು. ಖೂರಿ ಹಳ್ಳಿ, ಅಲ್ಲಿ ಗದ್ದಲ ಕಡಿಮೆ. ಎಲ್ಲಿಗೇ ಹೋದರೂ ಗುರುತಿನ ಚೀಟಿ ಜೇಬಿನಲ್ಲಿರಲಿ. ನಾವು ಎರಡು ಭಾಷೆಗಳ ಗಡಿಯವರು, ದಿನಕ್ಕೆ ಹತ್ತು ಸಲ ಆಚೀಚೆ ದಾಟುತ್ತೇವೆ. ಅದು ಎರಡು ದೇಶಗಳ ಗಡಿ. ಇನ್ನೂ ಮುಂದಿನ ಗಡಿ ಹಳ್ಳಿಗಳಿಗೆ ಅನುಮತಿ ಬೇಕಾಗುತ್ತದೆ.

ಹಣ ಕೊಡುವ ಮುನ್ನ ನಾಲ್ಕು ಮಾತು ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸವಾರಿ ಎಷ್ಟು ಹೊತ್ತು? ಒಂದು ಒಂಟೆಗೆ ಎಷ್ಟು ಜನ? ಊಟ, ಕುಡಿಯುವ ನೀರು, ಕಂಬಳಿ ಸೇರಿದೆಯೇ? ವಾಪಸು ಕರೆತರುವವರು ಯಾರು? ಇದನ್ನು ಕೇಳದೆ ಹೋದವರು ಅರ್ಧ ಗಂಟೆಯಲ್ಲಿ ಕೆಳಗಿಳಿದು, ಇನ್ನಷ್ಟು ಹಣ ತೆತ್ತು ಬಂದದ್ದುಂಟು.

ಇನ್ನು ಸವಾರಿ. ಕುಳಿತ ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಆಗ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಆದ್ದರಿಂದ ಹಿಂದಕ್ಕೆ ವಾಲಿ ಜೀನನ್ನು ಗಟ್ಟಿಯಾಗಿ ಹಿಡಿಯಬೇಕು. ಮರುಕ್ಷಣ ಮುಂಗಾಲು ಎತ್ತುತ್ತದೆ, ಆಗ ಮುಂದಕ್ಕೆ ಬಾಗಬೇಕು. ಕೂರುವಾಗ ಮುಂಗಾಲನ್ನೇ ಮೊದಲು ಮಡಿಸುವುದರಿಂದ ಮತ್ತೆ ಹಿಂದಕ್ಕೆ ವಾಲಬೇಕು. ಬೀಳುವವರು ಹೆಚ್ಚಾಗಿ ಬೀಳುವುದು ಈ ಏಳುವ, ಕೂರುವ ಹೊತ್ತಿನಲ್ಲಿ. ಹೆಂಗಸರಿಗೆ ಸೀರೆಗಿಂತ ಚೂಡಿದಾರ ಅನುಕೂಲ. ಬೆನ್ನುನೋವು, ಮಂಡಿನೋವು ಇರುವ ಹಿರಿಯರು ಒಂಟೆಗಾಡಿಯಲ್ಲಿ ಕುಳಿತು ಹೋಗಬಹುದು. ಬಸುರಿಯರು ಏರುವುದು ಬೇಡವೇ ಬೇಡ. ತಲೆಗೆ ಒಂದು ತುಂಡು ಕಟ್ಟಿಕೊಂಡರೆ ಬಿಸಿಲಿಗೂ ಆಯಿತು, ಮರಳಿಗೂ ಆಯಿತು.

ಕನ್ನಡದ ಒಂಟೆ, ತಮಿಳಿನ ಒಟ್ಟಗಂ ಎರಡೂ ಸಂಸ್ಕೃತದ ಉಷ್ಟ್ರದ ಬಂಧುಗಳೇ. ಅದರ ಡುಬ್ಬದಲ್ಲಿ ನೀರಿದೆ ಎಂದು ಮಕ್ಕಳಿಗೆ ಹೇಳಿಕೊಡುವುದು ತಪ್ಪು. ಅಲ್ಲಿರುವುದು ಕೊಬ್ಬು. ನೀರಿಲ್ಲದೆ ದೇಹದ ತೂಕದ ಕಾಲು ಭಾಗ ಇಳಿದರೂ ಒಂಟೆ ತಾಳಿಕೊಳ್ಳುತ್ತದೆ; ನೀರು ಸಿಕ್ಕಾಗ ಕಾಲು ಗಂಟೆಯೊಳಗೆ ನೂರು ಲೀಟರಿನಷ್ಟು ಕುಡಿಯಬಲ್ಲದು. ಅದರ ರಕ್ತಕಣಗಳು ದುಂಡಗಿಲ್ಲ, ಮೊಟ್ಟೆಯಾಕಾರದವು. ಒಮ್ಮೆಲೇ ಅಷ್ಟು ನೀರು ಸೇರಿದರೂ ಅವು ಒಡೆಯುವುದಿಲ್ಲ.

ಸಂಜೆ ಊಟದಲ್ಲಿ ಬಾಜ್ರಾ ರೊಟ್ಟಿ ಬರುತ್ತದೆ. ಅದು ನಮ್ಮ ಕಂಬು, ಎಂದರೆ ಸಜ್ಜೆ. ಜೊತೆಗೆ ಕೇರ್ ಸಾಂಗ್ರಿಯ ಪಲ್ಯ. ಸಾಂಗ್ರಿ ಎಂದರೆ ಖೇಜಡಿ ಮರದ ಕಾಯಿ. ಖೇಜಡಿ ಬೇರಾವುದೂ ಅಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿ, ತಮಿಳಿನ ವನ್ನಿ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಬಂದಾಗ, ಅಮೃತಾದೇವಿಯೂ ಸೇರಿ 363 ಮಂದಿ ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಕೊಟ್ಟರು. ಆ ಮರದ ಕಾಯಿಯನ್ನು ತಟ್ಟೆಯಲ್ಲಿ ಚೆಲ್ಲಬೇಡಿ. ಊಟದ ನಂತರ ಮಾಂಗಣಿಯಾರ್ ಗಾಯಕರ ಹಾಡು. ಅವರ ಮೋರ್ಚಂಗ್ ನಮ್ಮ ಕಚೇರಿಗಳ ಮೋರ್ಸಿಂಗ್‌ನ ನೆಂಟನೇ. ಬೆಳಿಗ್ಗೆ ಚಪ್ಪಲಿ, ಬೂಟು ಕೊಡವಿ ಮೆಟ್ಟಿಕೊಳ್ಳಿ, ಮರಳಿನಲ್ಲಿ ಚೇಳುಗಳಿರುತ್ತವೆ.

ಈಗ ಮುಖ್ಯವಾದ ಮಾತು. ಒಂಟೆ ಹತ್ತುವುದು ಅದಕ್ಕೆ ಹಿಂಸೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಲೆಕ್ಕವನ್ನೂ ನೋಡಿ. 1992ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಒಂಟೆಗಳಿದ್ದವು. 2012ರಲ್ಲಿ ಉಳಿದದ್ದು ನಾಲ್ಕು ಲಕ್ಷ, 2019ರಲ್ಲಿ ಕೇವಲ ಎರಡೂವರೆ ಲಕ್ಷ. ಹೊಲಕ್ಕೆ ಟ್ರಾಕ್ಟರ್ ಬಂತು, ಹೊರೆಗೆ ಲಾರಿ ಬಂತು, ಮೇವಿನ ಬಯಲುಗಳು ಹೊಲಗಳಾದವು. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯದ ಪ್ರಾಣಿಯೆಂದು ಸಾರಿತು. 2015ರಲ್ಲಿ ಅದನ್ನು ಕೊಲ್ಲುವುದನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಿಸುವುದಕ್ಕೂ ಕಟ್ಟು ಹಾಕಿ ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಕೊಳ್ಳುವವರು ಕಡಿಮೆಯಾಗಿ ಬೆಲೆ ಬಿತ್ತು. ತಲೆಮಾರುಗಳಿಂದ ಒಂಟೆ ಸಾಕಿದ ರಾಯಿಕಾ ಜನರಿಗೆ ಸಾಕುವುದೇ ಭಾರವಾಯಿತು. ಉತ್ತ ಎತ್ತನ್ನು ಟ್ರಾಕ್ಟರ್ ಬಂದ ಮೇಲೆ ಕೊಟ್ಟುಬಿಟ್ಟ ನಮ್ಮ ರೈತರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

ಒಂಟೆಗೆ ಇಂದು ಉಳಿದಿರುವ ಕೆಲವೇ ದುಡಿಮೆಗಳಲ್ಲಿ ಈ ಸವಾರಿಯೂ ಒಂದು. ಹಾಗಾಗಿ ಹತ್ತಬಾರದು ಎನ್ನುವುದಕ್ಕಿಂತ, ನೋಡಿ ಹತ್ತಬೇಕು ಎನ್ನುವುದು ಸರಿ. ಮೂಗುದಾರದ ಜಾಗದಲ್ಲಿ, ಜೀನಿನ ಕೆಳಗೆ ಹುಣ್ಣಿದೆಯೇ ನೋಡಿ. ಕುಂಟುತ್ತಿದ್ದರೆ ಬೇರೆ ಒಂಟೆ ಕೇಳಿ. ಓಡಿಸು ಎಂದು ಮಕ್ಕಳು ಹಟ ಹಿಡಿದರೆ ಒಪ್ಪಬೇಡಿ. ಸಾಧ್ಯವಾದರೆ ಒಂಟೆ ಸಾಕಿದವನ ಕೈಗೇ ಹಣ ಕೊಡಿ. ದಿಬ್ಬಗಳ ಮೇಲೆ ಜೀಪು ಹಾರಿಸುವ ಆಟಕ್ಕೆ ಹೋಗದಿರುವುದು ಲೇಸು. ಆ ಸೀಮೆಯಲ್ಲೇ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ, ಅಳಿವಿನಂಚಿನ ದೊರೆಹಕ್ಕಿ, ತಮಿಳಿನ ಕಾನಮಯಿಲ್, ನೆಲದ ಮೇಲೆ ಮೊಟ್ಟೆಯಿಡುವ ಜಾಗವದು.

ಹೋಗಿ ಬನ್ನಿ. ಬರುವಾಗ ಒಂಟೆಯ ಹೆಸರನ್ನೂ, ಅದನ್ನು ನಡೆಸಿದವನ ಹೆಸರನ್ನೂ ಕೇಳಿಕೊಂಡು ಬನ್ನಿ. ಮನೆಯಲ್ಲಿ ಕಥೆ ಹೇಳುವಾಗ ಬೇಕಾಗುತ್ತದೆ.