ಎರಡು ಕದದ ಮನೆ, ಕೊಡಲಿಯ ಕಾಲು!

ನಿಮಗಿದು ಗೊತ್ತೇ? ನಾಟ್ರಾಂಪಾಳ್ಯದಿಂದ ಹೊಗೇನಕಲ್ ದಾರಿ ಹಿಡಿದು ಕಾವೇರಿಯ ಮರಳಿಗೆ ಇಳಿದಾಗ ಕಪ್ಪೆಚಿಪ್ಪು ಆರಿಸಿದ್ದೀರಾ? ಅದರೊಳಗೆ ಕಪ್ಪೆ ಎಂದೂ ವಾಸ ಮಾಡಿದ್ದೇ ಇಲ್ಲ! ಅಲ್ಲಿದ್ದದ್ದು ಮೂಳೆಯಿಲ್ಲದ ಮೆತ್ತನೆಯ ಜೀವಿ, ಬಸವನಹುಳುವಿನ ದೂರದ ನೆಂಟ. ವಿಜ್ಞಾನಿಗಳು ಆ ವಂಶಕ್ಕೆ ಇಟ್ಟ ಹೆಸರು ಬೈವಾಲ್ವಿಯಾ.

ಆ ಹೆಸರನ್ನು ಬಿಡಿಸಿ ನೋಡಿ. 'ಬೈ' ಎಂದರೆ ಎರಡು. 'ವಾಲ್ವ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬಾಗಿಲಿನ ಒಂದು ಕದ. ಅಂದರೆ ಇದು ಎರಡು ಕದದ ಪ್ರಾಣಿ!

ನಿಮ್ಮ ಸೈಕಲ್ ಟ್ಯೂಬಿನಲ್ಲಿ ವಾಲ್ವ್ ಇದೆಯಲ್ಲ? ಊರಿಗೆ ನೀರು ಬಿಡುವವರು ದಿನಾ ತಿರುಗಿಸುವ ವಾಲ್ವ್? ಅದೂ ಇದೇ ಮಾತು! ಡಾಕ್ಟರು 'ಹೃದಯದ ಕವಾಟ' ಎನ್ನುತ್ತಾರೆ. ಕವಾಟ ಎಂದರೂ ಕದವೇ. ಅದಕ್ಕೇ ಕನ್ನಡದ ಜೀವಶಾಸ್ತ್ರದಲ್ಲಿ ಕಪ್ಪೆಚಿಪ್ಪಿನ ಜೀವಿ 'ದ್ವಿಕವಾಟಿ'. ಟ್ಯೂಬು, ಗುಂಡಿಗೆ, ಚಿಪ್ಪು, ಮೂರಕ್ಕೂ ಒಂದೇ ಬಾಗಿಲು!

ಹೆಸರು ಅಧಿಕೃತವಾಗಿ ಬರುವುದು 1758ರಲ್ಲಿ, ಸ್ವೀಡನ್ನಿನ ಲಿನೇಯಸ್ ಪುಸ್ತಕದಲ್ಲಿ. ಆದರೆ ಎರಡು ಸಾವಿರ ವರ್ಷಕ್ಕೂ ಮೊದಲೇ ಗ್ರೀಸಿನ ಅರಿಸ್ಟಾಟಲ್ ಇವನ್ನು 'ದಿಥುರಾ' ಎಂದು ಕರೆದಿದ್ದ. ಥುರಾ ಎಂದರೆ ಬಾಗಿಲು. ಗ್ರೀಕರ ಥುರಾ, ನಮ್ಮ ಸಂಸ್ಕೃತದ ದ್ವಾರ, ಇವೆರಡೂ ಒಂದೇ ಬೇರಿನ ಪದಗಳು. ದಿಥುರಾ ಎಂದರೆ ದ್ವಿದ್ವಾರ! ಬಾಯಲ್ಲಿ ಒಮ್ಮೆ ಹೇಳಿ ನೋಡಿ, ಎಷ್ಟು ಹತ್ತಿರ!

ಇನ್ನೊಂದು ಸೋಜಿಗ. ಈ ಒಂದೇ ಜೀವಿಗೆ ವಿಜ್ಞಾನದಲ್ಲಿ ನಾಲ್ಕು ಹೆಸರುಗಳಿವೆ. ಲಿನೇಯಸ್ ಕಣ್ಣಿಗೆ ಬಿದ್ದದ್ದು ಬಾಗಿಲು. ಫ್ರಾನ್ಸಿನ ಕುವಿಯೆ ಬಾಗಿಲು ತೆಗೆದು ಒಳಗೆ ನೋಡಿದರು, ತಲೆಯೇ ಇಲ್ಲ! 'ಅಸೆಫಲಾ' ಎಂದು ಹೆಸರಿಟ್ಟರು. ತಲೆಯಿಲ್ಲದ್ದು ಎಂದು ಅರ್ಥ. ಬ್ಲೆನ್‌ವಿಲ್ ಎಂಬುವರು ಕಿವಿರು ನೋಡಿದರು. ತೆಳ್ಳನೆಯ ಹಾಳೆ ಜೋಡಿಸಿದಂತಿತ್ತು. 'ಲ್ಯಾಮೆಲಿಬ್ರಾಂಕಿಯಾ', ಹಾಳೆಗಿವಿರಿನದು ಎಂದರು. ಹಳೆಯ ಪ್ರಾಣಿಶಾಸ್ತ್ರ ಪಠ್ಯ ಓದಿದವರಿಗೆ ಈ ಹೆಸರೇ ಗೊತ್ತು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಜರ್ಮನಿಯ ಗೋಲ್ಡ್‌ಫುಸ್ 1820ರಲ್ಲಿ ಅದರ ಕಾಲು ನೋಡಿದರು. ಹೌದು, ಇದಕ್ಕೆ ಕಾಲಿದೆ, ಒಂದೇ ಒಂದು! ಚಪ್ಪಟೆಯಾಗಿ ಕೊಡಲಿಯ ಅಲಗಿನಂತಿರುತ್ತದೆ. ಅದನ್ನು ಕೆಸರಿಗೆ ಚುಚ್ಚಿ, ಊದಿಸಿ, ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. 'ಪೆಲೆಸಿಪೋಡಾ' ಎಂದು ಹೆಸರಿಟ್ಟರು, ಕೊಡಲಿಗಾಲಿನದು. ಗ್ರೀಕಿನಲ್ಲಿ ಕೊಡಲಿಗೆ ಪೆಲೆಕುಸ್. ಅದಕ್ಕೂ ಸಂಸ್ಕೃತದ ಪರಶುವಿಗೂ ನಂಟಿದೆ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಪರಶುರಾಮನ ಕೈಯಲ್ಲಿದ್ದದ್ದು ಕಪ್ಪೆಚಿಪ್ಪಿನ ಕಾಲಲ್ಲಿದೆ!

ಹಾಗಾದರೆ ಕೊನೆಗೆ ಗೆದ್ದ ಹೆಸರು ಯಾವುದು? ಸಮುದ್ರದ ಸಿಂಪಿಗಳಲ್ಲಿ ಅನೇಕವು ಬೆಳೆದ ಮೇಲೆ ಬಂಡೆಗೆ ಅಂಟಿ ಕೂತುಬಿಡುತ್ತವೆ. ಅವಕ್ಕೆ ಕಾಲೇ ಉಳಿಯುವುದಿಲ್ಲ. ಕೊಡಲಿ ಹೋಯಿತು! ಕೆಲವು ಜಾತಿಗಳ ಕಿವಿರು ಹಾಳೆಯಂತಿಲ್ಲ. ಆ ಹೆಸರೂ ಪೂರ್ತಿ ಹೊಂದಲಿಲ್ಲ. 'ಅಸೆಫಲಾ'ವೂ ನಿಲ್ಲಲಿಲ್ಲ. ಉಳಿದದ್ದು ಬಾಗಿಲು. ಮರದ ಹಡಗನ್ನು ಕೊರೆದು ತಿನ್ನುವ 'ಹಡಗು ಹುಳು' ಇದೆಯಲ್ಲ, ನೋಡಲು ಥೇಟ್ ಎರೆಹುಳು. ಅದೂ ಇದೇ ವಂಶ! ಅದರ ತುದಿಯಲ್ಲೂ ಪುಟ್ಟ ಎರಡು ಕದಗಳಿವೆ. ಆ ಕದಗಳೇ ಅದರ ಬೈರಿಗೆ!

ಆದರೆ ಒಂದು ತೊಡಕಿತ್ತು. ಬ್ರಾಕಿಯೊಪಾಡ್ ಎಂಬ ಬೇರೆ ವಂಶದ ಕಡಲಜೀವಿಗೂ ಎರಡು ಕದ! ಎರಡನ್ನೂ ಕಲಸಿಬಿಟ್ಟಾರೆಂಬ ಭಯಕ್ಕೆ ಪಳೆಯುಳಿಕೆ ಹುಡುಕುವ ಅನೇಕರು ಬಹುಕಾಲ ಪೆಲೆಸಿಪೋಡಾವನ್ನೇ ಹಿಡಿದುಕೊಂಡಿದ್ದರು. ಗುರುತು ಸುಲಭ. ಕಪ್ಪೆಚಿಪ್ಪಿನ ಎರಡು ಕದಗಳು ಸಾಮಾನ್ಯವಾಗಿ ನಮ್ಮ ಎರಡು ಅಂಗೈಗಳಂತೆ, ಎಡ ಮತ್ತು ಬಲ. ಬ್ರಾಕಿಯೊಪಾಡಿನವು ಮೇಲೆ ಮತ್ತು ಕೆಳಗೆ!

ಈಗ ನಮ್ಮ ಕೆರೆ, ಹೊಳೆಗಳಿಗೆ ಬನ್ನಿ. ಇಲ್ಲಿ ಸಾಮಾನ್ಯವಾಗಿ ಕಾಣುವ ಸಿಹಿನೀರಿನ ಕಪ್ಪೆಚಿಪ್ಪಿನ ಹೆಸರು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್. ಲ್ಯಾಮೆಲಿಡೆನ್ಸ್ ಎಂದರೆ ಹಾಳೆಹಲ್ಲು. ತಲೆಯೇ ಇಲ್ಲದ ಮೇಲೆ ಹಲ್ಲೆಲ್ಲಿ? ಬಾಗಿಲಿನ ಕೀಲಿನಲ್ಲಿ! ಕದಗಳು ಅತ್ತಿತ್ತ ಜಾರದಂತೆ ಒಂದಕ್ಕೊಂದು ಕಚ್ಚಿ ಹಿಡಿಯುವ ಅಂಚುಗಳೇ ಅದರ ಹಲ್ಲು.

ಬಾಗಿಲು ಮುಚ್ಚಲು ಅದು ಮೈಯ ಬಲ ಹಾಕಬೇಕು. ತೆರೆಯಲು ಏನೂ ಬೇಡ! ಕೀಲಿನ ಬಳಿ ರಬ್ಬರಿನಂಥ ಪಟ್ಟಿಯಿದೆ. ಸ್ನಾಯು ಸಡಿಲಿಸಿದರೆ ಸಾಕು, ಕದ ತಾನೇ ತೆರೆದುಕೊಳ್ಳುತ್ತದೆ. ಸತ್ತ ಚಿಪ್ಪುಗಳು ಬಾಯಿ ತೆರೆದು ಬಿದ್ದಿರುವುದು ಇದಕ್ಕೇ.

ಬಾಗಿಲ ಒಳಗೂ ಒಂದು ಸೋಜಿಗವಿದೆ. ಈ ಜೀವಿಯ ಕರುಳು ಎಲ್ಲಿಂದ ಹಾದುಹೋಗುತ್ತದೆ ಹೇಳಿ? ಗುಂಡಿಗೆಯ ನಡುವಿನಿಂದಲೇ!

ಮರಿಗಳ ಕಥೆ ಇನ್ನೂ ಚೆಂದ. ಹೊಳೆಯ ಕಪ್ಪೆಚಿಪ್ಪಿನ ಮರಿ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಪುಕ್ಕಟೆ ಸವಾರಿ ಮಾಡುತ್ತದೆ. ಕೆಲವು ದಿನ, ವಾರ ಕಳೆದ ಮೇಲೆ ಉದುರಿ ಹೊಸ ಜಾಗದಲ್ಲಿ ಸಂಸಾರ ಹೂಡುತ್ತದೆ. 1797ರಲ್ಲಿ ರಾಥ್ಕೆ ಎಂಬ ವಿಜ್ಞಾನಿ ತಾಯಿಚಿಪ್ಪಿನೊಳಗೆ ಈ ಮರಿಗಳನ್ನು ಕಂಡು, ಯಾವುದೋ ಪರಾವಲಂಬಿ ಹುಳು ಎಂದುಕೊಂಡು 'ಗ್ಲೋಕಿಡಿಯಂ' ಎಂದು ಬೇರೆಯೇ ಹೆಸರಿಟ್ಟರು. ತಪ್ಪು ಆಮೇಲೆ ತಿಳಿಯಿತು, ಹೆಸರು ಮಾತ್ರ ಉಳಿಯಿತು. ಇಂದಿಗೂ ಆ ಮರಿ ಗ್ಲೋಕಿಡಿಯಮ್ಮೇ!

ಆಯಸ್ಸು ಕೇಳಿದರೆ ಬೆರಗಾಗುತ್ತೀರಿ. 2006ರಲ್ಲಿ ಐಸ್‌ಲೆಂಡಿನ ಕಡಲಲ್ಲಿ ಸಿಕ್ಕ ಒಂದು ದ್ವಿಕವಾಟಿಯ ಚಿಪ್ಪಿನ ಗೆರೆ ಎಣಿಸಿದರು. 507 ವರ್ಷ! ಅದು ಹುಟ್ಟಿದಾಗ ಕೃಷ್ಣದೇವರಾಯ ಇನ್ನೂ ಪಟ್ಟಕ್ಕೇ ಬಂದಿರಲಿಲ್ಲ!

ಮುಂದಿನ ಸಲ ಹೊಳೆದಂಡೆಯಲ್ಲಿ ಕಪ್ಪೆಚಿಪ್ಪು ಸಿಕ್ಕರೆ ಮೊದಲು ಅದರ ಬಾಗಿಲು ನೋಡಿ. ತೆರೆದಿದ್ದು ಒಳಗೆ ಬರಿದಾಗಿದ್ದರೆ ಮಕ್ಕಳಿಗೆ ತೋರಿಸಲು ಮನೆಗೆ ತನ್ನಿ. ಎರಡೂ ಕದ ಬಿಗಿಯಾಗಿ ಮುಚ್ಚಿದ್ದರೆ ಮನೆಯವರು ಒಳಗಿದ್ದಾರೆ. ದಯವಿಟ್ಟು ಮೆಲ್ಲಗೆ ನೀರಿಗೇ ಬಿಟ್ಟುಬಿಡಿ.