ಮೊಬೈಲ್ ಬಿಲ್ಲಿಂಗ್: ಅರ್ಧ ಬರೆದ ಬಿಲ್ಲು ಅಳಿಯುವುದೇಕೆ?

ನಂಜನಗೂಡು, ತಿರುಮಕೂಡಲು ನರಸೀಪುರದಂತಹ ತಾಲ್ಲೂಕು ಕೇಂದ್ರಗಳ ಅಂಗಡಿಗಳಿಗೂ ಮೊಬೈಲ್ ಬಿಲ್ಲಿಂಗ್ ಆ್ಯಪ್ ಬಂದಿದೆ. ದೊಡ್ಡ ಜಾತ್ರೆಯ ದಿನ ಇಪ್ಪತ್ತು ಬಾಬುಗಳ ಬಿಲ್ಲು ಅರ್ಧವಾಗಿರುವಾಗ ಫೋನ್ ಕರೆ ಬಂತೆನ್ನೋಣ. ವರ್ತಕರು ಮಾತು ಮುಗಿಸಿ ಮರಳುವಷ್ಟರಲ್ಲಿ ಬಿಲ್ಲು ಮಾಯವಾಗಿರಬಹುದು. ಒಂದೇ ಕ್ರಮಸಂಖ್ಯೆ ಎರಡು ಬಿಲ್ಲುಗಳಿಗೆ ಬೀಳುವುದು ಇನ್ನೂ ಗಂಭೀರ. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಕೂಡದು, 16 ಅಕ್ಷರಗಳನ್ನು ಮೀರಕೂಡದು.

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆರೆಯ ಮೇಲಿರುತ್ತದೆ, ಹಿನ್ನೆಲೆಗೆ ಸರಿಯುತ್ತದೆ, ಕೊನೆಗೆ ಮೆಮೊರಿಯಿಂದ ಹೊರಹೋಗುತ್ತದೆ. ಇದೇ ಅದರ ಜೀವನಚಕ್ರ. ಮೆಮೊರಿ ಸಾಲದಾದಾಗ ಹಿನ್ನೆಲೆಯ ಆ್ಯಪನ್ನು ವ್ಯವಸ್ಥೆಯೇ ಮುನ್ಸೂಚನೆಯಿಲ್ಲದೆ ಮುಕ್ತಾಯಗೊಳಿಸುತ್ತದೆ. 'ಆನ್‌ಟರ್ಮಿನೇಟ್' ಎಂಬ ಸೂಚನೆ ಹೆಸರಿಗಿದ್ದರೂ ಗ್ರಾಹಕರ ಫೋನುಗಳಲ್ಲಿ ಅದು ಎಂದೂ ಬರುವುದಿಲ್ಲ.

ತೆರಿಗೆ ನೋಂದಣಿ ಸಂಖ್ಯೆ, ದರಪಟ್ಟಿ, ಆರ್ಥಿಕ ವರ್ಷ, ಮುಂದಿನ ಬಿಲ್ಲಿನ ಸಂಖ್ಯೆ ಇವು ಆ್ಯಪ್‌ನ ಎಲ್ಲ ಪುಟಗಳಿಗೂ ಬೇಕಾದವು. ತಯಾರಕರು ಸಾಮಾನ್ಯವಾಗಿ ಇವನ್ನು 'ಅಪ್ಲಿಕೇಶನ್' ಎಂಬ ಒಂದೇ ನೆಲೆಯಲ್ಲಿ ಇರಿಸುತ್ತಾರೆ. ಇದು ಅನುಕೂಲಕರವಾದರೂ ಅದು ಕೇವಲ ಮೆಮೊರಿ. ಗುಮಾಸ್ತೆಯ ನೆನಪು ಕಿರ್ದಿಯಾಗದು.

ಆದ್ದರಿಂದ ಆ್ಯಪ್‌ನಲ್ಲಿ ಮೂರು ಕ್ರಮಗಳು ಅವಶ್ಯ. ಮೊದಲನೆಯದಾಗಿ, ಪ್ರತಿ ಬಾಬನ್ನೂ ನಮೂದಿಸಿದ ಕೂಡಲೇ ಫೋನಿನ ದತ್ತಸಂಗ್ರಹಕ್ಕೆ ಬರೆಯಬೇಕು. ಎರಡನೆಯದಾಗಿ, ಕ್ರಮಸಂಖ್ಯೆಯನ್ನು ಬಿಲ್ಲು ಅಂತಿಮಗೊಳ್ಳುವಾಗ ಮಾತ್ರ ನೀಡಬೇಕು. ಬಿಲ್ಲು, ಸಂಖ್ಯೆ ಎರಡೂ ಒಟ್ಟಿಗೆ ದಾಖಲಾಗಬೇಕು, ಇಲ್ಲವೇ ಎರಡೂ ಆಗಬಾರದು. ಮೂರನೆಯದಾಗಿ, ಆ್ಯಪ್ ತೆರೆಗೆ ಮರಳಿದಾಗಲೆಲ್ಲ ದಿನಾಂಕವನ್ನು ಪರಿಶೀಲಿಸಬೇಕು. ಮಾರ್ಚ್ 31ರ ರಾತ್ರಿ ತೆರೆದ ಆ್ಯಪ್ ಮೆಮೊರಿಯಲ್ಲಿಯೇ ಉಳಿದರೆ, ಏಪ್ರಿಲ್ 1ರ ಬಿಲ್ಲಿಗೂ ಹಳೆಯ ವರ್ಷದ ಸರಣಿಯನ್ನೇ ಹಾಕೀತು.

ಎರಡು ಫೋನುಗಳಲ್ಲಿ ಬಿಲ್ಲು ಮಾಡುವವರು ಪ್ರತ್ಯೇಕ ಸರಣಿಗಳನ್ನು ಇಡುವುದು ಕ್ಷೇಮ. ನಿಯಮ 46 ಇದಕ್ಕೆ ಅವಕಾಶ ನೀಡಿದೆ. ಸೆಕ್ಷನ್ 36ರಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕಾದ ಕಾರಣ, ಫೋನಿನ ಹೊರಗೂ ಒಂದು ಪ್ರತಿ ಇರತಕ್ಕದ್ದು.

ಆ್ಯಪನ್ನು ಕೊಳ್ಳುವ ಮುನ್ನ ವರ್ತಕರೇ ಒಂದು ಪರೀಕ್ಷೆ ನಡೆಸಬಹುದು. ಹತ್ತು ಬಾಬುಗಳನ್ನು ಬರೆದು, ಬಿಲ್ಲನ್ನು ಮುಗಿಸದೆ, ಫೋನನ್ನು ಆರಿಸಿ ಮತ್ತೆ ಹೊತ್ತಿಸಬೇಕು. ಹತ್ತೂ ಬಾಬುಗಳು ಹಾಗೆಯೇ ಉಳಿದಿದ್ದು, ಕ್ರಮಸಂಖ್ಯೆ ವ್ಯರ್ಥವಾಗದಿದ್ದರೆ ಮಾತ್ರ ಆ ಆ್ಯಪನ್ನು ಅಂಗಡಿಯ ಲೆಕ್ಕಕ್ಕೆ ನಂಬಬಹುದು.