ಎರಡು ಪುಸ್ತಕಗಳ ತಾಳೆ: ಲೆಕ್ಕದ ಕೆಲಸದಲ್ಲಿ, ಸಂಶೋಧನೆಯಲ್ಲಿ ಆಟಿಸಂ ಇರುವ ವಯಸ್ಕರು

ಗುರುಗಳಿಗೆ, ಜೊತೆಯ ವಿದ್ಯಾರ್ಥಿಗಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಕ್ಯಾಮೆರಾ ಆಫ್ ಇದೆ. ಮುಖ ನೋಡುತ್ತಾ ಮಾತಾಡಿದರೆ ನನ್ನ ಅರ್ಧ ಗಮನ ಮುಖದ ಮೇಲೇ ಹೋಗುತ್ತದೆ, ಹೇಳಬೇಕಾದ್ದು ಕೈತಪ್ಪುತ್ತದೆ. ನನಗೆ ಆಟಿಸಂ ಇದೆ. ಅದು ಗೊತ್ತಾಗಿದ್ದು 27ನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಐದು ವರ್ಷ ರಾಯಚೂರಿನ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮಂಥವರಿಗೆ ಲೆಕ್ಕದ ಕೆಲಸ ಹೇಗಿರುತ್ತದೆ, ನಮ್ಮ ಬಗ್ಗೆ ಸಂಶೋಧನೆ ಮಾಡುವವರು ನಮ್ಮನ್ನು ಹೇಗೆ ಕೇಳುತ್ತಾರೆ, ಇವೆರಡೂ ಇವತ್ತಿನ ವಿಷಯ. ಎರಡರ ತೊಡಕೂ ಒಂದೇ ಎಂಬುದು ನನ್ನ ವಾದ.

"ಆಟಿಸಂ ಇದ್ದವರು ಲೆಕ್ಕದಲ್ಲಿ ಭಾಳ ಶಾಣ್ಯಾ ಇರ್ತಾರಂತಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲರಿ. ಕೆಲವರು ಇರುತ್ತಾರೆ, ಕೆಲವರು ಇರುವುದಿಲ್ಲ, ಎಲ್ಲರ ಹಾಗೆಯೇ. ನಾನು ಕೂಡುವಾಗ ಈಗಲೂ ತಪ್ಪುತ್ತೇನೆ. ಲೆಕ್ಕ ನನಗೆ ಹಿಡಿಸಿದ್ದು ಅಲ್ಲಿ ನಿಯಮ ಬರೆದಿಟ್ಟಿರುತ್ತದೆ ಎಂಬ ಕಾರಣಕ್ಕೆ. ನಾನು ಧನ್ವಾಡದವಳು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಒಂದೇ ಮಾತಿಗೆ ಮನೆಯಲ್ಲಿ ಒಂದು ಅರ್ಥ, ಬಜಾರಿನಲ್ಲಿ ಇನ್ನೊಂದು. ಆದರೆ ಕನ್ನಡದಲ್ಲೂ ತೆಲುಗಿನಲ್ಲೂ ಜಮಾ ಅಂದ್ರೆ ಜಮಾನೇ.

ಕಷ್ಟ ಇದ್ದದ್ದು ಪುಸ್ತಕದ ಹೊರಗೆ. ಜಿಎಸ್‌ಟಿ ಬಂದಮೇಲೆ ಸಾಮಾನ್ಯವಾಗಿ ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನ್ ಹೋಗಬೇಕು. ಆ ದಿನಗಳಲ್ಲಿ ಶೇಂಗಾ, ಹತ್ತಿ ವ್ಯಾಪಾರಿಗಳು ಬಿಲ್ಲಿನ ಕಟ್ಟು ಹಿಡಿದು ಬರುತ್ತಾರೆ, ಮೂರು ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಮಾಲೀಕರು ಹಾದುಹೋಗುತ್ತಾ, "ತಂಗಿ, ಅದನ್ನೊಂದಿಷ್ಟು ನೋಡು" ಅನ್ನುತ್ತಾರೆ. ನೋಡು ಅಂದ್ರೆ ಏನು? ಪರಿಶೀಲಿಸಬೇಕಾ, ತಿದ್ದಬೇಕಾ, ಸಲ್ಲಿಸಿಬಿಡಬೇಕಾ? ನಾನು ಮೂರು ಸಲ ಕೇಳುತ್ತಿದ್ದೆ. ಒಬ್ಬರಿಗೆ ಅದು ದಡ್ಡತನ, ಇನ್ನೊಬ್ಬರಿಗೆ ಸೊಕ್ಕು. ನನ್ನ ಫೈಲುಗಳಲ್ಲಿ ತಪ್ಪುಗಳಿದ್ದವು, ಉಳಿದವರಷ್ಟೇ. ಕೆಲಸ ಹೋಗಿದ್ದು ಅದಕ್ಕಲ್ಲ. "ಜನರ ಜೊತೆ ಹೊಂದಿಕೊಳ್ಳಲ್ಲ" ಎಂಬುದು ಅವರು ಹೇಳಿದ ಕಾರಣ.

ವಾಣಿಜ್ಯದ ವಿದ್ಯಾರ್ಥಿಗಳಿಗೆ ಬ್ಯಾಂಕ್ ಸಮನ್ವಯ ಪಟ್ಟಿ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಅಂಗಡಿಯ ನಗದು ಪುಸ್ತಕದಲ್ಲಿ ಒಂದು ಬಾಕಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ವ್ಯತ್ಯಾಸ 270 ರೂಪಾಯಿ. ಅದು 9ರಿಂದ ಭಾಗವಾಗುತ್ತದೆ, ಹಾಗಾಗಿ ಅಂಕಿ ಅದಲುಬದಲಾಗಿರಬಹುದು ಎಂದು ಹುಡುಕುತ್ತೇವೆ. 5,410 ಎನ್ನುವುದು 5,140 ಆಗಿರುತ್ತದೆ. ಯಾರ ಪುಸ್ತಕದಲ್ಲಿ? ಎರಡನ್ನೂ ನೋಡುವ ತನಕ ಹೇಳುವಂತಿಲ್ಲ. ಎಷ್ಟೋ ಸಲ ತಪ್ಪೇ ಇರುವುದಿಲ್ಲ: ನಾವು ಚೆಕ್ ಕೊಟ್ಟಿರುತ್ತೇವೆ, ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿರುವುದಿಲ್ಲ. ಒಂದೇ ಪುಸ್ತಕ ನೋಡಿ ಇನ್ನೊಂದು ತಪ್ಪು ಅನ್ನುವವನನ್ನು ಯಾರೂ ಲೆಕ್ಕಿಗ ಅನ್ನುವುದಿಲ್ಲ.

ಆಟಿಸಂ ವಿಷಯದಲ್ಲಿ ಮಾತ್ರ ಬಹಳ ಕಾಲ ಹಾಗೇ ನಡೆಯಿತು. ಮಾತುಕತೆ ಕೆಟ್ಟರೆ ಕೊರತೆ ಆಟಿಸಂ ಇದ್ದವರದ್ದು ಎಂದು ಬರೆದುಕೊಂಡರು. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ, 2012ರಲ್ಲಿ ಇದಕ್ಕೆ ಎದುರು ವಾದ ಇಟ್ಟರು: ನಮಗೆ ನೀವು ಅರ್ಥವಾಗದಷ್ಟೇ ನಿಮಗೂ ನಾವು ಅರ್ಥವಾಗುವುದಿಲ್ಲ, ಅಂತರ ಇಬ್ಬರ ನಡುವಿನದು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಕಿವಿಯಿಂದ ಕಿವಿಗೆ ಕಥೆ ದಾಟಿಸುವ ಪ್ರಯೋಗ ಮಾಡಿದರು. ಆಟಿಸಂ ಇರುವವರದೇ ಸರಪಳಿ ಉಳಿದವರ ಸರಪಳಿಯಷ್ಟೇ ಚೆನ್ನಾಗಿ ದಾಟಿಸಿತು. ಮಿಶ್ರ ಸರಪಳಿಯಲ್ಲಿ ವಿವರಗಳು ಹೆಚ್ಚು ಉದುರಿದವು. 2025ರಲ್ಲಿ ಪ್ರಕಟವಾದ, ಹೆಚ್ಚು ಜನರನ್ನು ಸೇರಿಸಿಕೊಂಡ ಮರುಪ್ರಯೋಗದಲ್ಲಿ ಮಿಶ್ರ ಸರಪಳಿಯ ಆ ಕುಸಿತ ಕಾಣಲಿಲ್ಲ. ಆದ್ದರಿಂದ ಬೆರೆತ ಕೂಡಲೇ ಮಾತು ಕೆಡುತ್ತದೆ ಎಂದು ನಾನು ಹೇಳುವುದಿಲ್ಲ. ಆಟಿಸಂ ಇದ್ದವರಿಗೆ ಮಾತು ದಾಟಿಸಲು ಬರುವುದಿಲ್ಲ ಎಂಬುದಕ್ಕೆ ಎರಡು ಪ್ರಯೋಗಗಳೂ ಸಾಕ್ಷಿ ಕೊಡಲಿಲ್ಲ, ಅಷ್ಟು ಹೇಳಬಹುದು.

ಇದನ್ನು ಕೆಲಸಕ್ಕೆ ಇಳಿಸಿದವರಿದ್ದಾರೆ. ಸ್ಯಾಪ್ ಕಂಪನಿ ಆಟಿಸಂ ಇರುವವರ ನೇಮಕಾತಿಯನ್ನು 2013ರಲ್ಲಿ ಜಗತ್ತಿಗೆಲ್ಲ ಘೋಷಿಸುವ ಮುಂಚೆ ಅದರ ಪ್ರಯೋಗ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿ ನಡೆದಿತ್ತು. ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆ ಇವೈ 2016ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಂಥದ್ದೇ ಕೇಂದ್ರ ತೆರೆಯಿತು. ಬರೀ ಸಂದರ್ಶನ ನಂಬದೆ, ಕೆಲಸ ಮಾಡಿಸಿ ನೋಡಿ ಆಯ್ಕೆ ಮಾಡುವುದು ಅಲ್ಲಿಯ ಮುಖ್ಯ ಬದಲಾವಣೆ. ನಮ್ಮ ಕಡೆಯ ಕಚೇರಿಗಳಲ್ಲಿ ಇರುವುದು ನಾಲ್ಕೈದು ಮಂದಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆದರೆ ತರಬೇತಿ, ವಿಶೇಷ ರಜೆ, ಸಂಪರ್ಕಾಧಿಕಾರಿ ಇವೆಲ್ಲ ಸೇರಿದ ಸಮಾನ ಅವಕಾಶದ ವಿವರವಾದ ನೀತಿಯನ್ನು ಖಾಸಗಿಯವರಲ್ಲಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಂದ ಮಾತ್ರ ನಿಯಮಗಳು ಕೇಳುತ್ತವೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಚಿಕ್ಕ ಕಚೇರಿಗೆ ಫಿಲಡೆಲ್ಫಿಯಾ ಬೇಕಿಲ್ಲ. "ನೋಡು" ಅನ್ನುವ ಬದಲು "ಈ ಮೂರು ಬಿಲ್ ಸರಿಯಿದೆಯಾ ಹೇಳು, ಸಲ್ಲಿಸಬೇಡ" ಅಂತ ಚೀಟಿಯಲ್ಲಿ ಬರೆದರೆ ಆಯಿತು. ಖರ್ಚು ಒಂದು ಚೀಟಿ.

ಈಗ ಸಂಶೋಧನೆಗೆ ಬರೋಣ. ಕೆಲಸ ಹೋದಮೇಲೆ ಒಂದು ಅಧ್ಯಯನಕ್ಕೆ ನನ್ನನ್ನು ಕರೆದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಸಂದರ್ಶನ ಫೋನಿನಲ್ಲಿ ತೆಲುಗಿನಲ್ಲಿ. "ಕೆಲಸದ ಜಾಗದಲ್ಲಿ ನಿಮಗೆ ಎಷ್ಟು ಒಂಟಿತನ ಅನ್ನಿಸ್ತಿತ್ತು? ಒಂದರಿಂದ ಐದರಲ್ಲಿ ಹೇಳಿ." ಯಾವ ದಿನ? 20ನೇ ತಾರೀಖಾ, 25ನೇ ತಾರೀಖಾ? ನಾನು ಸುಮ್ಮನಾದೆ. "ಸರಿ, ಮುಂದಿನ ಪ್ರಶ್ನೆ" ಅಂದರು. ಎರಡು ದಿನ ಬಿಟ್ಟು ನಾಲ್ಕು ಪುಟದ ಉತ್ತರ ಕನ್ನಡದಲ್ಲಿ ಬರೆದು ಕಳಿಸಿದೆ. ಮಾಹಿತಿ ಸಂಗ್ರಹ ಮುಗಿದಿದೆ, ಆ ಪ್ರಶ್ನೆಗಳಿಗೆ "ಉತ್ತರವಿಲ್ಲ" ಎಂದು ದಾಖಲಾಗಿದೆ ಎಂದು ಮರುಪತ್ರ ಬಂತು. ನಾನು ಚೆಕ್ ಕೊಟ್ಟಿದ್ದೆ. ಅದು ತಲುಪುವ ಮುಂಚೆ ಅವರು ಪುಸ್ತಕ ಮುಚ್ಚಿದ್ದರು.

ಅದೇ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಂಗವಿಕಲ ವ್ಯಕ್ತಿಯ ಮೇಲೆ ಸಂಶೋಧನೆ ಮಾಡಲು, ಅವರಿಗೆ ಎಟುಕುವ ಸಂವಹನದ ರೀತಿಯಲ್ಲಿ ಪಡೆದ ಮುಕ್ತ ಒಪ್ಪಿಗೆ ಬೇಕು. ಸರ್ಕಾರ ರಚಿಸಿದ ಸಮಿತಿಯ ಮುಂಗಡ ಅನುಮತಿಯೂ ಬೇಕು; ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಸ್ಥೆಗಳವರಾಗಿರಬೇಕು. ನಮ್ಮ ನೈತಿಕ ಸಮಿತಿಯ ಅರ್ಜಿ ತುಂಬುವಾಗ ಈ ಕಲಮನ್ನು ಪಕ್ಕದಲ್ಲಿಟ್ಟುಕೊಳ್ಳಿ. ದಾರಿ ಹೊಸದೇನಲ್ಲ. ಅಮೆರಿಕದಲ್ಲಿ ಆಟಿಸಂ ಇರುವವರೂ ವಿಶ್ವವಿದ್ಯಾಲಯದವರೂ ಸೇರಿ 2006ರಿಂದ ನಡೆಸುತ್ತಿರುವ ಆಸ್ಪೈರ್ ಎಂಬ ತಂಡ 2019ರಲ್ಲಿ ಮಾರ್ಗಸೂಚಿ ಪ್ರಕಟಿಸಿತು: ಭಾಗವಹಿಸಲು ಹಲವು ಬಗೆ ಇರಲಿ, ಬರಹವೂ ಅದರಲ್ಲಿ ಸೇರಲಿ, ಪದಗಳು ಖಚಿತವಾಗಿರಲಿ, ಪ್ರಶ್ನೆ ರೂಪಿಸುವಾಗಲೇ ಆಟಿಸಂ ಇರುವವರು ಜೊತೆಗಿರಲಿ.

ಚರ್ಚೆಯಲ್ಲಿ ಒಬ್ಬ ಮೇಡಂ ಕೇಳಿದರು: "ಹೀಗೆ ಪ್ರತಿಯೊಬ್ಬರಿಗೂ ವಿಧಾನ ಬದಲಿಸುತ್ತಾ ಹೋದರೆ ಮಾಹಿತಿ ಹೋಲಿಸುವುದು ಹೇಗಮ್ಮ?" ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಕೊಟ್ಟ ಉತ್ತರವೂ ಬರೆದ ಉತ್ತರವೂ ಒಂದೇ ಅಲ್ಲ. ಯಾರು ಹೇಗೆ ಉತ್ತರಿಸಿದರು ಎಂಬುದನ್ನೂ ದಾಖಲಿಸಬೇಕಾಗುತ್ತದೆ, ಶ್ರಮ ಹೆಚ್ಚುತ್ತದೆ. ಆದರೆ ಎಲ್ಲರನ್ನೂ ಫೋನಿನಲ್ಲೇ ಕೇಳಿದರೆ ಫೋನಿನಲ್ಲಿ ಸಲೀಸಾಗಿ ಮಾತಾಡಬಲ್ಲವರ ಅನುಭವ ಮಾತ್ರ ಕೈಗೆ ಬರುತ್ತದೆ. ಅದರ ಮೇಲೆ "ಆಟಿಸಂ ಇರುವ ವಯಸ್ಕರು" ಎಂದು ಶೀರ್ಷಿಕೆ ಬರೆಯುವುದು ಸರಿಯಾದ ಲೆಕ್ಕವಲ್ಲ.

ಆ ನಾಲ್ಕು ಪುಟ ಇನ್ನೂ ನನ್ನ ಹತ್ತಿರ ಇವೆ. ನಿಮ್ಮಲ್ಲಿ ಯಾರಾದರೂ ಈ ವಿಷಯದಲ್ಲಿ ಕೆಲಸ ಮಾಡುವುದಾದರೆ ಕೊಡುತ್ತೇನೆ. ಪ್ರಶ್ನೆಗಳನ್ನು ಮಾತ್ರ ಮುಂಚೆಯೇ ಬರೆದು ಕಳಿಸಿ.